ಪೊಲೀಸರು ನಂಬಿದ ಕ್ಯಾಮರಾ

ಬಂಟ್ವಾಳದ ಮುಂಡಪ್ಪ ಶೆಟ್ಟರಿಗೆ ಮೊದಲು ಸಿಕ್ಕಿದ್ದು ಕ್ಯಾಮರಾ ಅಲ್ಲ, ಕ್ಯಾಮರಾದ ಚೀಲ.

ಶೆಟ್ಟರು ಒಂದು ಬಸ್ ಕಂಪೆನಿಯ ಟಿಕೇಟು ಏಜೆಂಟರಾಗಿದ್ದರು. ೧೯೫೬ರ ಬೇಸಗೆಯಲ್ಲಿ ಧರ್ಮಸ್ಥಳದಿಂದ ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಯಾತ್ರಿಕರು ಕಂದು ಬಣ್ಣದ ಚರ್ಮದ ಚೀಲವೊಂದನ್ನು ಬಿಟ್ಟುಹೋದರು. ಒಳಗೆ ಕೆಂಪು ಮಖಮಲ್ಲಿನ ಹಾಸು ಇತ್ತು, ಕ್ಯಾಮರಾ ಇರಲಿಲ್ಲ. ಮಳೆಗಾಲ ಮುಗಿದರೂ ವಾರಸುದಾರರ ಪತ್ತೆಯಿಲ್ಲ. ಖಾಲಿ ಚೀಲ ಹುಡುಕಿಕೊಂಡು ಯಾರು ಬರುತ್ತಾರೆ? "ನೀವೇ ಇಟ್ಟುಕೊಳ್ಳಿ ಶೆಟ್ರೇ, ವೀಳ್ಯದೆಲೆ ಹಾಕಲಿಕ್ಕಾದರೂ ಆದೀತು" ಎಂದರು ಕಂಪೆನಿಯ ಮ್ಯಾನೇಜರು.

ಶೆಟ್ಟರು ಅದನ್ನು ಹೆಗಲಿಗೆ ತೂಗುಹಾಕಿಕೊಂಡು ಪೇಟೆಯಲ್ಲಿ ನಡೆದು ಮನೆಗೆ ಹೋದರು. ಆ ದಾರಿಯಲ್ಲಿ ಅವರ ಬದುಕು ಕೆಟ್ಟಿತು. ಎಷ್ಟೋ ವರ್ಷ ಟಿಕೇಟು ಹರಿದುಕೊಟ್ಟರೂ ಕತ್ತೆತ್ತಿ ನೋಡದವರು ಅಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು, "ಓ, ಫೋಟೋ ತೆಗೆಯುವುದು ಕೂಡ ಉಂಟಾ ಶೆಟ್ರೇ? ನಮ್ಮ ಹೋಟೆಲಿನದ್ದು ಒಂದು ತೆಗೆಯುವ" ಎಂದರು. ಶೆಟ್ಟರು ಆಕಾಶ ನೋಡಿ, "ನೋಡುವ, ಬೆಳಕು ಸರಿ ಆಗಲಿ" ಎಂದುಬಿಟ್ಟರು. ಇಷ್ಟು ಹೇಳಿದ ಮೇಲೆ ಕ್ಯಾಮರಾ ಕೊಳ್ಳದೆ ಉಪಾಯವಿರಲಿಲ್ಲ.

ಹೊಸ ಕ್ಯಾಮರಾದ ಕ್ರಯ ಅವರ ಎಷ್ಟೋ ತಿಂಗಳ ಸಂಬಳ. ಆದ್ದರಿಂದ ಹೊಸ ಕ್ಯಾಮರಾ ಕೊಳ್ಳುವುದು ಬುದ್ಧಿ ಇಲ್ಲದವರ ಕೆಲಸ ಎಂಬ ತತ್ವ ಅವರಿಗೆ ಬಹಳ ಸುಲಭವಾಗಿ ಹೊಳೆಯಿತು. ಹಳೆಯದೇ ಆಗಬೇಕು, ಅದರಲ್ಲೂ ಅಗಲವಾದ ರೀಲು ಹಾಕುವ ದೊಡ್ಡ ಕ್ಯಾಮರಾವೇ ಆಗಬೇಕು ಎಂದು ಅವರು ನಿಶ್ಚಯಿಸಿದರು. ಕಲೆಯ ದೃಷ್ಟಿಯಿಂದ ಅಲ್ಲ. ಚೀಲ ದೊಡ್ಡದಿತ್ತು.

ಹೊಳೆಯ ಆಚೆ ಪಾಣೆಮಂಗಳೂರಿನಲ್ಲಿ ಯಾಕೂಬ್ ಎಂಬವನ ಗುಜರಿ ಅಂಗಡಿ ಇತ್ತು. ಮಂಗಳೂರಿನ ಬಂದರಿನಲ್ಲಿ ಏಲಂ ಆದ ಸಾಮಾನೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೆ ಬಂದು ಬೀಳುತ್ತಿತ್ತು. ಹಡಗಿನ ಲಾಟೀನು, ಮುರಿದ ಹಾರ್ಮೋನಿಯಂ, ಒಂಟಿ ಬೂಟುಗಳ ನಡುವೆ ಶೆಟ್ಟರಿಗೆ ಒಂದು ಕಪ್ಪು ಡಬ್ಬಿ ಕ್ಯಾಮರಾ ಕಂಡಿತು.

"ಇದು ಕೆಲಸ ಮಾಡ್ತದಾ ಯಾಕೂಬ್?"

"ಎಂಥ ಕೇಳ್ತೀರಿ ಶೆಟ್ರೇ? ಇದು ದೊರೆಗಳ ಕಾಲದ್ದು. ನಿಮ್ಮ ಮೊಮ್ಮಕ್ಕಳು ಕೂಡ ಇದರಲ್ಲಿ ಫೋಟೋ ತೆಗೀಬಹುದು."

"ಗಾಜಿನೊಳಗೆ ಬಿಳಿ ಬಿಳಿ ಕಾಣ್ತದಲ್ಲ?"

"ಅದು ಜರ್ಮನಿಯವರೇ ಹಾಕಿದ್ದು. ನಮ್ಮ ಊರಿನ ಬಿಸಿಲು ತಡೀಲಿಕ್ಕೆ."

ಜರ್ಮನಿಯವರು ಬಂಟ್ವಾಳದ ಬಿಸಿಲಿನ ಬಗ್ಗೆ ಅಷ್ಟು ಯೋಚಿಸಿದ್ದಾರೆಂದು ತಿಳಿದು ಶೆಟ್ಟರಿಗೆ ಸಂತೋಷವಾಯಿತು. ಹೇಳಿದ್ದರ ಅರ್ಧಕ್ಕೆ ಇಳಿಸಿ ಕೊಂಡರು. ಯಾಕೂಬ್ ಮೊದಲೇ ಇಮ್ಮಡಿ ಹೇಳಿದ್ದ. ಹೀಗಾಗಿ ಇಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡಿದ ತೃಪ್ತಿಯಿಂದ ಬೀಳ್ಕೊಂಡರು.

ಆ ಬಿಳಿ ಬಿಳಿ ಎಂದರೆ ಬೂಷ್ಟು. ನಮ್ಮ ಕರಾವಳಿಯ ಮಳೆಗೆ ಉಪ್ಪಿನಕಾಯಿಗೆ ಬರುವುದು ಗಾಜಿಗೂ ಬರುತ್ತದೆ. ಶೆಟ್ಟರ ಹೆಂಡತಿ ನೀಲಾವತಿ ಮೂಡುಬಿದಿರೆಯವರು, ಮಾತಿನಲ್ಲಿ ಯಾರಿಗೂ ಬಾಕಿ ಉಳಿಸಿಕೊಳ್ಳುವವರಲ್ಲ. ಅವರು ಧಾರೆ ಸೀರೆ ಉಟ್ಟು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತರು. ರೀಲು ಮಂಗಳೂರಿಗೆ ಹೋಗಿ ಫೋಟೋ ಆಗಿ ಬಂತು.

"ಇದು ಯಾರು?" ಎಂದು ನೀಲಾವತಿ ಕೇಳಿದರು.

"ನೀನೇ."

"ನಾನು ಬಚ್ಚಲು ಒಲೆಯ ಎದುರು ಕೂತಿದ್ದೆನಾ? ಬರೀ ಹೊಗೆ ಕಾಣ್ತದೆ."

"ನಿನಗೆ ಗೊತ್ತಾಗುವುದಿಲ್ಲ. ಅದಕ್ಕೆ ಕಲೆ ಅಂತ ಹೇಳ್ತಾರೆ."

"ಹೌದು, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ಕಲೆ."

ಮೊದಲ ಕ್ಯಾಮರಾದ ಕಥೆ ಅಲ್ಲಿಗೆ ಮುಗಿಯಿತು. ಚೀಲಕ್ಕೂ ಅದು ಹಿಡಿಸಲಿಲ್ಲ, ಅಗಲ ಹೆಚ್ಚಾಯಿತು.

ಶೆಟ್ಟರಿಗೆ ಕಂಪೆನಿಯ ಬಸ್ಸಿನಲ್ಲಿ ಟಿಕೇಟು ಬೇಕಾಗಿರಲಿಲ್ಲ. ಬೆಳ್ತಂಗಡಿ, ಮೂಡುಬಿದಿರೆ ಎಂದು ರಜೆ ಸಿಕ್ಕಿದಾಗಲೆಲ್ಲ ಹೊರಟುಬಿಡುತ್ತಿದ್ದರು. ಘಟ್ಟದ ಬುಡದ ನೆರಿಯದಲ್ಲಿ ಎಸ್ಟೇಟಿನ ಬಿಳಿ ದೊರೆಯೊಬ್ಬ ಊರಿಗೆ ಮರಳುವಾಗ ತನ್ನ ಅಡುಗೆಯವನಿಗೆ ಒಂದು ಮಡಚುವ ಕ್ಯಾಮರಾ ಕೊಟ್ಟುಹೋಗಿದ್ದಾನೆಂಬ ಸುದ್ದಿ ಕಂಡಕ್ಟರೊಬ್ಬನ ಬಾಯಿಂದ ಬಂತು. ಶೆಟ್ಟರು ಬೆಳ್ತಂಗಡಿಯವರೆಗೆ ಬಸ್ಸಿನಲ್ಲಿ, ಮುಂದೆ ನಡೆದು, ಜಿಗಣೆಗಳಿಗೆ ಧಾರಾಳವಾಗಿ ರಕ್ತದಾನ ಮಾಡುತ್ತಾ ನೆರಿಯ ತಲುಪಿದರು.

ಅಡುಗೆಯವನ ಹೆಸರು ನೋಣಯ್ಯ. ಅವನು ಕ್ಯಾಮರಾವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆಹಣ್ಣಿನ ಮಡಕೆಯ ಪಕ್ಕ ಇಟ್ಟಿದ್ದ. ಹೊಗೆಗೆ ಬೂಷ್ಟು ಹತ್ತಿರ ಬಂದಿರಲಿಲ್ಲ. ಗಾಜು ಹೊಳೆಯುತ್ತಿತ್ತು. ಶೆಟ್ಟರಿಗೆ ಅದನ್ನು ಆಗಲೇ ಎತ್ತಿ ಚೀಲಕ್ಕೆ ಹಾಕಿಕೊಳ್ಳಬೇಕೆನಿಸಿತು. ಆದರೆ ಮುಖದಲ್ಲಿ ತೋರಿಸಬಾರದಲ್ಲ!

"ಇದು ಭಾರೀ ಹಳತು ಮಾರಾಯ. ಈಗ ಯಾರಿಗೂ ಬೇಡ" ಎಂದರು.

ನೋಣಯ್ಯ ಅವರ ಕಾಲಿನಲ್ಲಿ ಇಳಿಯುತ್ತಿದ್ದ ರಕ್ತ ನೋಡಿ, "ಯಾರಿಗೂ ಬೇಡದ್ದಕ್ಕೆ ನೀವು ಇಷ್ಟು ದೂರ ನಡೆದು ಬಂದಿರಾ ಶೆಟ್ರೇ?" ಎಂದು ಕೇಳಿದ.

ಶೆಟ್ಟರು ಕಾಲಿನ ರಕ್ತ ಒರೆಸಿಕೊಂಡು ಅವನು ಹೇಳಿದಷ್ಟು ಕೊಟ್ಟರು.

ಮನೆಗೆ ಬಂದು ಬಿಡಿಸಿ ನೋಡಿದರೆ ಕ್ಯಾಮರಾದ ಮಡಿಕೆ ಮಡಿಕೆಯ ಚರ್ಮದ ತಿದಿಯನ್ನು ಜಿರಳೆಗಳು ಅಲ್ಲಲ್ಲಿ ರುಚಿ ನೋಡಿದ್ದವು. ಆ ತೂತುಗಳಿಂದ ಬೆಳಕು ಒಳಗೆ ನುಗ್ಗುತ್ತಿತ್ತು. ಶೆಟ್ಟರು ಕೊಡೆ ರಿಪೇರಿಯವನಿಂದ ಕಪ್ಪು ಬಟ್ಟೆ ತಂದು ತೇಪೆ ಹಾಕಿದರು. ಆಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಅಂಗಡಿಯ ರೀಲು ಅದಕ್ಕೆ ಕೂರುವುದಿಲ್ಲ. ಫಿಲ್ಮಿನ ಅಗಲ ಅದೇ, ಆದರೆ ಈ ಕ್ಯಾಮರಾಕ್ಕೆ ಅದನ್ನು ತೆಳ್ಳಗಿನ ಬೇರೆ ಉರುಳೆಗೆ ಸುತ್ತಿರಬೇಕು. ಆ ಉರುಳೆ ಮಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಕ್ಯಾಮರಾದೊಳಗೆ ದೊರೆ ಬಿಟ್ಟುಹೋದ ಒಂದು ಜೊತೆ ಇತ್ತು, ಅಷ್ಟೇ.

ಫಿಲ್ಮಿಗೆ ಬೆಳಕು ತಾಗಬಾರದೆಂದು ಶೆಟ್ಟರು ಉಗ್ರಾಣದ ಬಾಗಿಲು ಹಾಕಿ, ಕಂಬಳಿಗಳ ರಾಶಿಯಡಿ ಹೊಕ್ಕು, ಬೆವರು ಸುರಿಸುತ್ತಾ ಅಂಗಡಿಯ ರೀಲನ್ನು ಬಿಚ್ಚಿ ತೆಳ್ಳಗಿನ ಉರುಳೆಗೆ ಸುತ್ತುತ್ತಿದ್ದರು. ನೆರೆಮನೆಯ ಅಮ್ಮಣಿ ಒಮ್ಮೆ ಕಿಟಕಿಯಿಂದ ಇಣುಕಿ ಗಾಬರಿಯಾದರು.

"ಶೆಟ್ರಿಗೆ ಚಳಿಜ್ವರವಾ ನೀಲಕ್ಕ?"

"ಜ್ವರವಾಗಿದ್ದರೆ ಮದ್ದಾದರೂ ಇರ್ತಿತ್ತು" ಎಂದರು ನೀಲಾವತಿ.

ಮೊದಲ ರೀಲು ತೊಳೆಯಲು ಮಂಗಳೂರಿಗೆ ಹೋಯಿತು. ಸ್ಟುಡಿಯೋದವರು ಫೋಟೋ ಕಳಿಸಿದರು, ಉರುಳೆಯನ್ನು ಎಸೆದಿದ್ದರು. ಫೋಟೋ ಹೇಗಿತ್ತೆಂದು ಶೆಟ್ಟರು ನೋಡಲೇ ಇಲ್ಲ, ಉರುಳೆಗಾಗಿ ಅತ್ತರು. ಉರುಳೆಯ ಬೇಟೆಯಲ್ಲಿ ಒಂದು ವರ್ಷ ಕಳೆಯಿತು. ಕೊನೆಗೆ ಮೂಡುಬಿದಿರೆಯ ಪದ್ಮಯ್ಯ ಎಂಬ ಕಾಳುಮೆಣಸಿನ ವ್ಯಾಪಾರಿಯ ಮನೆಯಲ್ಲಿ ಅದೇ ಜಾತಿಯ ಕ್ಯಾಮರಾ ಇರುವುದು ತಿಳಿಯಿತು. ಶೆಟ್ಟರು ಅದರ ಉರುಳೆ ಮಾತ್ರ ಕೇಳಿದರು.

"ಉರುಳೆ ಮಾತ್ರ ಕೊಟ್ಟು ನಾನು ಉಳಿದದ್ದನ್ನು ಎಂಥ ಮಾಡುವುದು? ಒಟ್ಟಿಗೆ ಕೊಂಡುಹೋಗಿ" ಎಂದರು ಪದ್ಮಯ್ಯ. ಶೆಟ್ಟರು ಗುಂಡಿ ಬೇಕೆಂದು ಅಂಗಿ ಕೊಂಡ ಹಾಗೆ ಇಡೀ ಕ್ಯಾಮರಾ ಕೊಂಡರು. ಅದರ ಶಟರು ತೆರೆಯುತ್ತಲೇ ಇರಲಿಲ್ಲ.

ಹೀಗೆ ನೀಲಾವತಿ ತವರಿನಿಂದ ತಂದ ಕಪಾಟಿನಲ್ಲಿ ಸೀರೆಗಳು ಕೆಳಗಿಳಿದು ಕ್ಯಾಮರಾಗಳು ಮೇಲೇರಿದವು. ಜೊತೆಗೆ ಉಪಕರಣಗಳು ಬಂದವು. ಮೂರನೆಯ ಕಾಲು ಕಳೆದುಕೊಂಡು ಬಿದಿರಿನ ಕಾಲು ಕಟ್ಟಿಸಿಕೊಂಡ ಸ್ಟಾಂಡು, ಬಲ್ಬು ಎಲ್ಲೂ ಸಿಗದ ಫ್ಲಾಶು, ಬೆಳಕು ಅಳೆಯುವ ಒಂದು ಮೀಟರು. ಮೀಟರಿನ ಸೂಜಿ ನಡು ಮಧ್ಯಾಹ್ನ ಅಂಗಳದಲ್ಲೂ ಒಂದೇ ಕಡೆ, ಉಗ್ರಾಣದ ಕತ್ತಲಲ್ಲೂ ಅದೇ ಕಡೆ ನಿಲ್ಲುತ್ತಿತ್ತು. ಅಂಥ ಸ್ಥಿತಪ್ರಜ್ಞ ಬಂಟ್ವಾಳದಲ್ಲಿ ಇನ್ನೊಬ್ಬ ಇರಲಿಲ್ಲ. ಎಲ್ಲವೂ ಕಡಿಮೆಗೆ ಸಿಕ್ಕಿದ್ದು. ಎಲ್ಲ ಕಡಿಮೆಗಳನ್ನೂ ಕೂಡಿಸಿದರೆ ಹೊಸತೊಂದು ಬರುತ್ತಿತ್ತೆಂದು ನೀಲಾವತಿ ಹೇಳುತ್ತಿದ್ದರು. ಶೆಟ್ಟರು ಕೂಡಿಸಲು ಹೋಗಲಿಲ್ಲ.

೧೯೬೫ರ ಮಳೆಗಾಲದಲ್ಲಿ ಯಾಕೂಬನ ಅಂಗಡಿಗೆ ಎರಡು ಕಣ್ಣಿನ ಕ್ಯಾಮರಾ ಬಂತು. ಒಂದು ಗಾಜು ನೋಡಲು, ಕೆಳಗಿನ ಇನ್ನೊಂದು ಫೋಟೋ ತೆಗೆಯಲು. ಅದನ್ನು ಎದೆಗೆ ಒತ್ತಿ ಹಿಡಿದು ತಲೆ ತಗ್ಗಿಸಿ ಮೇಲಿನಿಂದ ಒಳಗೆ ನೋಡಬೇಕು. ಮಾಮೂಲಿ ರೀಲೇ ಅದಕ್ಕೆ ಸರಿಹೋಗುತ್ತಿತ್ತು. ಗಾಜಿನಲ್ಲಿ ಬೂಷ್ಟೂ ಇರಲಿಲ್ಲ. ಶೆಟ್ಟರು ಚೌಕಾಸಿ ಮಾಡುವುದನ್ನೇ ಮರೆತರು, ಯಾಕೂಬನಿಗೆ ಬೇಸರವಾಗುವಷ್ಟು. ಒಂದೇ ಒಂದು ದೋಷವೆಂದರೆ ಥಂಡಿ ಹಿಡಿದ ಶಟರು. ತೆರೆದದ್ದು ತಾನಾಗಿ ಮುಚ್ಚುತ್ತಿರಲಿಲ್ಲ. ಒಂದು, ಎರಡು ಎಂದು ಎಣಿಸಿ ಬೆರಳಿನಿಂದ ತಳ್ಳಿ ಮುಚ್ಚಬೇಕು. ಅಷ್ಟು ಹೊತ್ತು ಅಲ್ಲಾಡದೆ ನಿಲ್ಲುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹಸು ಕೂಡ ಬಾಲ ಬೀಸಿತು. ಪೇಟೆಯಲ್ಲಿ ಅಲ್ಲಾಡದ್ದು ಏನುಂಟು ಎಂದು ಯೋಚಿಸಿದ ಶೆಟ್ಟರಿಗೆ ಪಾಣೆಮಂಗಳೂರಿನ ಕಬ್ಬಿಣದ ಸೇತುವೆ ನೆನಪಾಯಿತು.

ಅದು ಸೆಪ್ಟೆಂಬರು. ಉತ್ತರದ ಗಡಿಯಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ಗುಂಡಿನ ಸದ್ದು ನಮ್ಮ ಕಡೆಗೆ ಕೇಳುತ್ತಿರಲಿಲ್ಲವಾದರೂ ಉತ್ಸಾಹಕ್ಕೇನೂ ಕಡಿಮೆ ಇರಲಿಲ್ಲ. ಶತ್ರುಗಳು ಕೊಡೆ ಹಿಡಿದು ಆಕಾಶದಿಂದ ಇಳಿಯುತ್ತಾರಂತೆ, ಗೂಢಚಾರರು ಎಲ್ಲೆಲ್ಲೂ ಇದ್ದಾರಂತೆ ಎಂದು ಹೋಟೆಲುಗಳಲ್ಲಿ ಚಹಾ ಹೆಚ್ಚು ಖರ್ಚಾಗುತ್ತಿತ್ತು. ಸೇತುವೆ ಕಾಯಲು ಜತ್ತಪ್ಪ ಎಂಬ ಪೊಲೀಸನನ್ನು ನಿಲ್ಲಿಸಿದ್ದರು. ದಿನವಿಡೀ ನಿಂತರೂ ಎತ್ತಿನಗಾಡಿಗಳ ಹೊರತು ಯಾರೂ ಬಾರದೆ ಅವನು ಬೇಸತ್ತಿದ್ದ. ಅಂಥ ಹೊತ್ತಿನಲ್ಲಿ, ದಂಡೆಯ ಬಂಡೆಯ ಮೇಲೆ ಒಬ್ಬ ಮನುಷ್ಯ ಎದೆಗೆ ಪೆಟ್ಟಿಗೆ ಒತ್ತಿಕೊಂಡು, ತಲೆ ತಗ್ಗಿಸಿ, ಪೆಟ್ಟಿಗೆಯೊಳಗೆ "ಒಂದು, ಎರಡು, ಮೂರು" ಎಂದು ಹೇಳುತ್ತಿರುವುದು ಕಾಣಿಸಿತು. ಇದು ವಯರ್‌ಲೆಸ್ ಅಲ್ಲದಿದ್ದರೆ ಇನ್ನೇನು?

ಜತ್ತಪ್ಪ ಓಡಿಬಂದು ಅಂಗಿಯ ಕೊರಳಪಟ್ಟಿ ಹಿಡಿದ.

"ಅಯ್ಯೋ, ಬಿಡು ಮಾರಾಯ ಜತ್ತಪ್ಪ! ನಾನು ಮುಂಡಪ್ಪ. ಮೊನ್ನೆ ನಿನ್ನ ಅತ್ತೆಗೆ ಕಿಟಕಿ ಪಕ್ಕ ಸೀಟು ಕೊಟ್ಟವ."

"ಗೊತ್ತುಂಟು ಶೆಟ್ರೇ. ಗೂಢಚಾರರು ಗೊತ್ತಿದ್ದವರ ಹಾಗೆಯೇ ಇರ್ತಾರಂತೆ. ಸಾಹೇಬ್ರು ಹೇಳಿದ್ದಾರೆ."

ಸಾಹೇಬರೆಂದರೆ ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದ ಇನ್ಸ್‌ಪೆಕ್ಟರು. ಅವರಿಗೆ ತುಳು ಬಾರದು. ಸುತ್ತಮುತ್ತ ಎಲ್ಲರೂ ತುಳುವಿನಲ್ಲಿ ತನ್ನ ಬಗ್ಗೆಯೇ ಏನೋ ಮಾತಾಡುತ್ತಿದ್ದಾರೆಂಬ ಅನುಮಾನದಲ್ಲಿ ಅವರು ನಿದ್ದೆಗೆಟ್ಟಿದ್ದರು. ಅನುಮಾನ ತಪ್ಪೇನೂ ಆಗಿರಲಿಲ್ಲ.

"ಏನ್ರೀ ಇದು?" ಎಂದು ಅವರು ಠಾಣೆಯ ಮೇಜಿನ ಮೇಲಿಟ್ಟ ಪೆಟ್ಟಿಗೆಯನ್ನು ದೂರದಿಂದ ನೋಡಿ ಕೇಳಿದರು.

"ಕ್ಯಾಮರಾ ಸರ್. ಜರ್ಮನಿಯದ್ದು. ಬಹಳ ಒಳ್ಳೆಯದು."

"ಸೇತುವೆ ಫೋಟೋ ಯಾಕ್ ತೆಗೀತಿದ್ರಿ?"

"ಸೇತುವೆ ಅಲ್ಲಾಡುವುದಿಲ್ಲ ಸರ್."

"ಏನೋ ನಂಬರ್ ಹೇಳ್ತಿದ್ರಂತೆ?"

"ಶಟರು ಸ್ವಲ್ಪ ನಿಧಾನ ಉಂಟು. ಎಣಿಸಿ ಕೈಯಿಂದ ಮುಚ್ಚಬೇಕು."

"ಅಂದ್ರೆ ಕೆಟ್ಟುಹೋಗಿದೆ ಅನ್ನಿ."

ಆ ಹೊತ್ತಿಗೆ "ಹೌದು ಸರ್" ಎಂದಿದ್ದರೆ ಶೆಟ್ಟರು ಊಟಕ್ಕೆ ಮನೆಯಲ್ಲಿರುತ್ತಿದ್ದರು. ಆದರೆ ಇಷ್ಟು ವರ್ಷದಲ್ಲಿ ಅವರ ಕ್ಯಾಮರಾವೊಂದು ನಿಜವಾಗಿ ಫೋಟೋ ತೆಗೆಯುತ್ತದೆ ಎಂದು ನಂಬಿದವರು ಇವರೇ ಮೊದಲು. ಅಂಥವರ ಎದುರು ಹೇಗೆ ಒಪ್ಪಿಕೊಳ್ಳುವುದು?

"ಕೆಟ್ಟಿಲ್ಲ ಸರ್. ನಿಧಾನ, ಅಷ್ಟೇ" ಎಂದರು ಶೆಟ್ಟರು. ಅವರನ್ನು ಬೆಂಚಿನ ಮೇಲೆ ಕೂರಿಸಿದರು.

ಸುದ್ದಿ ತಿಳಿದು ನೀಲಾವತಿ ಬಂದರು. ಅಳುತ್ತಾ ಬರಲಿಲ್ಲ. ಅಷ್ಟು ವರ್ಷದ ಫೋಟೋಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಬಂದು ಇನ್ಸ್‌ಪೆಕ್ಟರ ಮೇಜಿನ ಮೇಲೆ ಸುರಿದರು.

"ನೋಡಿ ಸ್ವಾಮಿ, ಇದು ನಾನಂತೆ. ಇದು ನಮ್ಮ ದೊಡ್ಡ ಮಗಳು ಪ್ರಫುಲ್ಲಾ, ತಲೆ ಇಲ್ಲ. ಇದು ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಒಂದು ಕಂಬವಾದರೂ ಕಾಣ್ತದಾ ಹೇಳಿ. ಇವರು ತೆಗೆದ ಫೋಟೋ ನೋಡಿ ಶತ್ರುಗಳು ಬಂದರೆ ದಾರಿ ತಪ್ಪಿ ಹೊಳೆಗೆ ಬೀಳ್ತಾರೆ. ಇವರನ್ನು ನೀವು ಪಾಕಿಸ್ತಾನಕ್ಕೇ ಕೊಟ್ಟುಬಿಟ್ಟರೆ ನಮ್ಮ ದೇಶಕ್ಕೆ ಲಾಭ."

ಇನ್ಸ್‌ಪೆಕ್ಟರು ಒಂದೊಂದಾಗಿ ತಿರುಗಿಸಿ ನೋಡಿದರು. ಅವರ ಮುಖ ಸಡಿಲವಾಗುತ್ತಾ ಬಂತು.

"ಅದು ಬೇರೆ ಕ್ಯಾಮರಾ ಸರ್" ಎಂದರು ಬೆಂಚಿನಿಂದ ಶೆಟ್ಟರು. "ಇದರಲ್ಲಿ ಹಾಗೆ ಆಗುವುದಿಲ್ಲ. ಇದರಲ್ಲಿ ಸೇತುವೆಯ ಒಂದೊಂದು ಮೊಳೆ ಕೂಡ ಕಾಣ್ತದೆ."

ನೀಲಾವತಿ ಹಣೆ ಚಚ್ಚಿಕೊಂಡರು.

ಅತ್ತ ಪಾಣೆಮಂಗಳೂರಿನಲ್ಲಿ ಯಾಕೂಬನಿಗೆ ಎಲ್ಲರೂ ಬುದ್ಧಿ ಹೇಳುತ್ತಿದ್ದರು. ಕಾಲ ಸರಿ ಇಲ್ಲ, ನಿನ್ನ ಹೆಸರೂ ಈಗಿನ ಕಾಲಕ್ಕೆ ಸರಿ ಇಲ್ಲ, ಠಾಣೆಯ ಕಡೆ ತಲೆ ಹಾಕಿ ಮಲಗಬೇಡ ಎಂದು. ಹೆಂಡತಿ ಜುಲೈಕಾ ಅವನ ಅಂಗಿಯನ್ನೇ ಅಡಗಿಸಿಟ್ಟಳು. ಯಾಕೂಬ್ ಬನಿಯನ್ನಿನಲ್ಲೇ ಹೊರಟ. ನನ್ನ ಸಾಮಾನಿನಿಂದ ನನ್ನ ಗಿರಾಕಿ ಒಳಗೆ ಕೂತಿದ್ದಾನೆ, ನಾನು ಮನೆಯಲ್ಲಿ ಕೂತರೆ ನಾಳೆ ಅಂಗಡಿ ಬಾಗಿಲು ಯಾವ ಮುಖ ಇಟ್ಟುಕೊಂಡು ತೆರೆಯಲಿ ಎಂಬುದು ಅವನ ವಾದ.

"ಸಾರ್, ಇದು ಕ್ಯಾಮರಾ ಅಲ್ಲ, ಗುಜರಿ" ಎಂದು ಅವನು ಇನ್ಸ್‌ಪೆಕ್ಟರ ಎದುರು ಕೈಮುಗಿದ. "ಹಡಗಿನಿಂದ ಎಸೆದದ್ದು. ಉಪ್ಪುನೀರು ಕುಡಿದಿದೆ. ನನ್ನ ಅಂಗಡಿಯಲ್ಲಿ ಮಕ್ಕಳು ಕೂಡ ಇದನ್ನು ಮುಟ್ಟಲಿಲ್ಲ."

ಶೆಟ್ಟರು ಬೆಂಚಿನಿಂದ ಎದ್ದೇಬಿಟ್ಟರು. "ಎಂಥ ಹೇಳ್ತಾ ಇದ್ದೀ ಯಾಕೂಬ್? ರಾಜರ ಮನೆಯಲ್ಲಿ ಕೂಡ ಇಂಥದ್ದು ಇಲ್ಲ ಅಂತ ನೀನೇ ಹೇಳಿದ್ದಲ್ಲವಾ?"

"ಅದು ವ್ಯಾಪಾರದಲ್ಲಿ ಹೇಳಿದ್ದು ಶೆಟ್ರೇ. ಇದು ಠಾಣೆ. ಇಲ್ಲಿ ಸತ್ಯ ಹೇಳಬೇಕು."

"ಸರ್, ಇವನ ಮಾತು ನಂಬಬೇಡಿ. ಇದು ಫಸ್ಟ್ ಕ್ಲಾಸ್ ಉಂಟು."

"ಕಾಸಿಗೂ ಬೇಡದ್ದು ಸಾರ್!"

ಕೊಂಡವನು ಹೊಗಳುವುದನ್ನೂ ಮಾರಿದವನು ತೆಗಳುವುದನ್ನೂ ಇನ್ಸ್‌ಪೆಕ್ಟರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಒಳಗಿನ ರೀಲನ್ನು ತೊಳೆಸಿ ತರಲು ಜತ್ತಪ್ಪನನ್ನು ಮಂಗಳೂರಿಗೆ ಕಳಿಸಿದರು. ಬಸ್ಸಿಗೆ ಟಿಕೇಟು ಬರೆದುಕೊಟ್ಟವರು ಶೆಟ್ಟರೇ. ರೀಲು ಬರುವವರೆಗೆ ಶೆಟ್ಟರೂ ಯಾಕೂಬನೂ ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂರಬೇಕೆಂದು ಅಪ್ಪಣೆಯಾಯಿತು. ಧರ್ಮಸ್ಥಳಕ್ಕೆ ಹೋಗುವವರು ಟಿಕೇಟು ಕೇಳಿಕೊಂಡು ಠಾಣೆಗೇ ಬರತೊಡಗಿದರು. ಯಾಕೂಬನಂತೂ ಠಾಣೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸೈಕಲ್ಲುಗಳನ್ನು ಕಣ್ಣಲ್ಲೇ ತೂಗುತ್ತಿದ್ದ.

ಜತ್ತಪ್ಪ ಲಕೋಟೆ ಹಿಡಿದುಕೊಂಡು ಬಂದ. ಇನ್ಸ್‌ಪೆಕ್ಟರು ಒಂದೊಂದೇ ಹೊರತೆಗೆದರು. ಕಪ್ಪು. ಮತ್ತೆ ಕಪ್ಪು. ಮಂಜು. ಬಾಲದಲ್ಲಿ ಮುಚ್ಚಿಹೋದ ಹಸು. ಯಾಕೂಬ್ ಸಮಾಧಾನದ ಉಸಿರು ಬಿಟ್ಟ. ಕೊನೆಯದನ್ನು ತೆಗೆದ ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದರು. ಕಿಟಕಿಯ ಬಳಿಗೆ ಹೋಗಿ ಮತ್ತೆ ನೋಡಿದರು.

ಸೇತುವೆ! ತುಂಬಿ ಹರಿಯುವ ನೇತ್ರಾವತಿ ನಿಧಾನದ ಶಟರಿಗೆ ಹಾಲಿನ ಕೆನೆಯ ಹಾಗೆ ನಯವಾಗಿತ್ತು. ಅದರ ಮೇಲೆ ಕಬ್ಬಿಣದ ಒಂದೊಂದು ಪಟ್ಟಿ, ಒಂದೊಂದು ಮೊಳೆ ಎಣಿಸುವ ಹಾಗೆ ನಿಂತಿತ್ತು. ಕಂಬದ ಬುಡದಲ್ಲಿ ಕೂತ ಮಿಂಚುಳ್ಳಿಯ ಕೊಕ್ಕು ಕೂಡ ಕಾಣುತ್ತಿತ್ತು. ಗಂಡನಿಗೆ ಬುತ್ತಿ ತಂದಿದ್ದ ನೀಲಾವತಿ ಹತ್ತಿರ ಬಂದು ನೋಡಿ, ಗಂಡನ ಮುಖ ನೋಡಿ, ಮತ್ತೆ ಫೋಟೋ ನೋಡಿದರು. ಅವರಿಗೇ ಮಾತು ಹೊರಡಲಿಲ್ಲ, ಅದು ಆ ವರ್ಷದ ಎರಡನೆಯ ಆಶ್ಚರ್ಯ.

"ಇದನ್ನ ತೆಗೆದದ್ದು ನೀವೇನಾ?" ಇನ್ಸ್‌ಪೆಕ್ಟರು ಕೇಳಿದರು.

ಯಾಕೂಬ್ ಬೇಡವೆಂದು ತಲೆಯಾಡಿಸಿದ. ನೀಲಾವತಿ ಗಂಡನ ತೋಳು ಚಿವುಟಿದರು.

"ನಾನೇ ಸರ್" ಎಂದರು ಮುಂಡಪ್ಪ ಶೆಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಜೈಲಿಗೆ ಹೆದರಿ ಬಂದ ನೀರಲ್ಲ ಅದು.

ಪುಣ್ಯಕ್ಕೆ ಹಿಂದಿನ ದಿನವಷ್ಟೇ ಯುದ್ಧ ನಿಂತಿದೆಯೆಂದು ರೇಡಿಯೋ ಹೇಳಿತ್ತು. ನಿಂತ ಯುದ್ಧಕ್ಕೆ ಗೂಢಚಾರನನ್ನು ಹಿಡಿದುಕೊಡುವುದು ಇನ್ಸ್‌ಪೆಕ್ಟರಿಗೂ ಮುಜುಗರ. "ಹೋಗ್ರೀ. ಇನ್ಮೇಲೆ ಸೇತುವೆ ಹತ್ರ ಕಂಡ್ರೆ ಬಿಡಲ್ಲ" ಎಂದು ಕ್ಯಾಮರಾ ವಾಪಸು ಕೊಟ್ಟರು. ಫೋಟೋವನ್ನೂ ಅದರ ಫಿಲ್ಮನ್ನೂ ಮೇಜಿನ ಖಾನೆಯೊಳಗೆ ಇಟ್ಟುಕೊಂಡರು.

"ಸರ್, ಫೋಟೋ?"

"ಅದು ಸಾಕ್ಷಿ ಕಣ್ರೀ."

"ಕೇಸೇ ಇಲ್ಲವಲ್ಲ ಸರ್. ಸಾಕ್ಷಿ ಯಾಕೆ?"

"ಕೇಸ್ ಹಾಕ್ಲಾ?"

"ಬೇಡ ಸರ್."

ಕೆಲವು ದಿನಗಳಲ್ಲೇ ಆ ಫೋಟೋ ಇನ್ಸ್‌ಪೆಕ್ಟರ ಮೇಜಿನ ಗಾಜಿನಡಿ ಬಂದು ಕೂತಿತು. ಶೆಟ್ಟರು ಒಂದಲ್ಲ ಒಂದು ನೆಪ ಮಾಡಿಕೊಂಡು ಠಾಣೆಗೆ ಹೋಗಿ ಅದನ್ನು ತಲೆಕೆಳಗಾಗಿಯೇ ನೋಡಿ ಬರುತ್ತಿದ್ದರು. ಇನ್ಸ್‌ಪೆಕ್ಟರಿಗೆ ವರ್ಗವಾದಾಗ ಫೋಟೋ ಕೂಡ ಅವರೊಟ್ಟಿಗೆ ಘಟ್ಟ ಹತ್ತಿತು. ಸರಕಾರದ ಸಾಕ್ಷಿ ಒಳ್ಳೆಯ ಫ್ರೇಮಿನಲ್ಲಿ ಯಾರದೋ ಮನೆಯ ಗೋಡೆ ಸೇರಿರಬೇಕು. ಶೆಟ್ಟರು ಅದೇ ಬಂಡೆಯ ಮೇಲಿಂದ ಇನ್ನೊಂದು ತೆಗೆಯಲು ಹೋಗಲಿಲ್ಲ. ಪೊಲೀಸರ ಹೆದರಿಕೆ ಎಂದು ಹೇಳುತ್ತಿದ್ದರು. ಎರಡನೆಯದು ಬಾರದಿದ್ದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಆದರೆ ಹೆಸರು ಹರಡಿತು. ಶೆಟ್ಟರ ಕ್ಯಾಮರಾಕ್ಕೆ ಪೊಲೀಸರೇ ಹೆದರಿದರಂತೆ ಎಂದು ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ ಗಿರಾಕಿಗಳು ಬಂದರು. ಡಬ್ಬಿ ಕ್ಯಾಮರಾ, ಕೊಡೆಬಟ್ಟೆಯ ಕ್ಯಾಮರಾ, ತೆರೆಯದ ಶಟರಿನ ಕ್ಯಾಮರಾ, ಸ್ಥಿತಪ್ರಜ್ಞ ಮೀಟರು ಒಂದೊಂದಾಗಿ ಹೊರಟುಹೋದವು. ಕೊಂಡವರೆಲ್ಲ ಕಡಿಮೆಗೆ ಸಿಕ್ಕಿತೆಂದು ಸಂತೋಷಪಟ್ಟರು. ಎರಡು ಕಣ್ಣಿನದನ್ನು ಮಾತ್ರ ಶೆಟ್ಟರು ಕೊಡಲಿಲ್ಲ. ನೀಲಾವತಿಯ ಸೀರೆಗಳು ಕಪಾಟಿನ ಮೇಲಿನ ಅಂತಸ್ತಿಗೆ ಮರಳಿದವು.

೧೯೬೮ರಲ್ಲಿ ಬಂಟ್ವಾಳದ ಪೇಟೆಯಲ್ಲೇ ಒಂದು ಸ್ಟುಡಿಯೋ ತೆರೆಯಿತು. ನೀಲಾವತಿ ಪ್ರಫುಲ್ಲಾಳಿಗೂ ಚಿಕ್ಕವಳು ವಿನೋದಾಳಿಗೂ ಜಡೆ ಹಾಕಿ ಹೂ ಮುಡಿಸಿದರು. "ನಾವು ಸ್ಟುಡಿಯೋಕ್ಕೆ ಹೋಗ್ತೇವೆ. ನೀವು ಬರುವುದಾದರೆ ಬನ್ನಿ. ಅಲ್ಲಿ ಬಾಯಿ ಬಿಡಬಾರದು" ಎಂದು ಗಂಡನಿಗೆ ಹೇಳಿದರು. ಶೆಟ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಾಯಿ ಬಿಗಿದು, ಕುರ್ಚಿಯ ಪಕ್ಕ ನಿಂತರು. ಮಾತು ಕೊಟ್ಟ ಹಾಗೆ ಒಂದಕ್ಷರ ಆಡಲಿಲ್ಲ.

ಫೋಟೋ ಬಂತು. ನೀಲಾವತಿಯ ಸೀರೆಯ ಜರಿಯ ಎಳೆ ಎಳೆ ಕಾಣುತ್ತಿತ್ತು, ಮಕ್ಕಳ ರೆಪ್ಪೆಯ ಕೂದಲು ಕಾಣುತ್ತಿತ್ತು. ಶೆಟ್ಟರ ಅಂಗಿಯ ಗುಂಡಿಗಳೂ ಸ್ಪಷ್ಟ. ಗುಂಡಿಗಳ ಮೇಲೆ ಮುಖವಿರಬೇಕಾದ ಜಾಗದಲ್ಲಿ ಮಾತ್ರ ಬಿಳಿ ಗೀಚು. ಬಟನ್ ಒತ್ತುವ ಗಳಿಗೆಯಲ್ಲಿ ಅವರು ಕತ್ತು ಚಾಚಿ ಆ ಕ್ಯಾಮರಾ ಯಾವ ಕಂಪೆನಿಯದ್ದೆಂದು ಓದಲು ಹೋಗಿದ್ದರು.

ಸ್ಟುಡಿಯೋದವನಿಗೆ ನಾಚಿಕೆಯಾಗಿ, "ಇನ್ನೊಂದು ತೆಗೆದುಕೊಡ್ತೇನೆ ಅಕ್ಕ, ಪುಕ್ಕಟೆ" ಎಂದ.

ಪುಕ್ಕಟೆ ಎಂಬ ಶಬ್ದಕ್ಕೆ ಶೆಟ್ಟರು ಆಗಲೇ ಕುರ್ಚಿಯ ಪಕ್ಕ ಹೋಗಿ ನಿಂತಾಗಿತ್ತು.

"ಬೇಡ" ಎಂದರು ನೀಲಾವತಿ. "ಇವರು ಇರುವು‌ದೇ ಹೀಗೆ. ಇದಕ್ಕೇ ಕಟ್ಟು ಹಾಕಿಕೊಡಿ."